ಹೇರು ಇಳಿಸುವ ಊರು

ನಮ್ಮ ಮನೆಯಲ್ಲಿ ಬಟ್ಟೆ ಒಣಗುವುದು ಮೇಕೆಯ ಕೂದಲಿನ ಮೇಲೆ. ಹೀಗೆಂದರೆ ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ನೀವು ಸರಿಯಬೇಡಿ. ಅದೊಂದು ಹಗ್ಗ, ಅಷ್ಟೆ. ಮೇಕೆಯ ಕೂದಲನ್ನು ಹೊಸೆದು ಮಾಡಿದ, ಹೆಬ್ಬೆರಳಿನಷ್ಟು ದಪ್ಪದ ಕಪ್ಪು ಹಗ್ಗ. ನಾನು ಮದುವೆಯಾಗಿ ಬಂದಾಗಿನಿಂದ ಬೆಂಗಳೂರಿನ ನಮ್ಮ ಬಾಡಿಗೆ ಮನೆಯ ಬಾಲ್ಕನಿಯಲ್ಲಿ, ಹಿಂದಿನ ಬಾಡಿಗೆಯವರು ಬಿಟ್ಟುಹೋದ ಎರಡು ಮೊಳೆಗಳ ನಡುವೆ ಜೋತಾಡುತ್ತಿತ್ತು. ಮಗಳ ಲಂಗೋಟಿಯಿಂದ ಹಿಡಿದು ಅವಳ ಮದುವೆಯ ಸೀರೆಯವರೆಗೆ ಎಲ್ಲವನ್ನೂ ಅದೇ ಒಣಗಿಸಿದೆ.

ಈ ಹಗ್ಗಕ್ಕೊಂದು ದೊಡ್ಡ ಗುಣವಿದೆ. ತನ್ನ ಮೇಲೆ ಒಣಗಿದ ಬಟ್ಟೆಯನ್ನು ಬರಿಗೈಯಲ್ಲಿ ಕಳಿಸುವುದಿಲ್ಲ, ನಾಲ್ಕು ಕೂದಲನ್ನಾದರೂ ಅಂಟಿಸಿಯೇ ಕಳಿಸುತ್ತದೆ. ನಮ್ಮವರು ಒಂದು ಕಂಪನಿಯ ಸ್ಟೋರ್ಸಿನಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಇವರು ಕತ್ತು ಕೆರೆದುಕೊಳ್ಳುವುದನ್ನು ನೋಡಿದ ಸಾಹೇಬರೊಬ್ಬರು "ಏನ್ರೀ ಇದು, ಅಲರ್ಜಿಯಾ?" ಎಂದು ಕೇಳಿದರಂತೆ. "ಇಲ್ಲ ಸಾರ್, ಮೇಕೆ" ಎಂದು ಇವರು ಹೇಳಿದರಂತೆ. ನೈಲಾನ್ ದಾರ ತರುತ್ತೇನೆಂದು ಇವರು ಆಗಾಗ ಹೇಳುತ್ತಿದ್ದರು, ನಾನು ಬೇಡವೆನ್ನುತ್ತಿದ್ದೆ. ಮಗಳು ಮಾತ್ರ ಮೈಸೂರಿನ ಗಂಡನ ಮನೆ ಸೇರಿದ ಮೇಲೆ, "ಅಮ್ಮಾ, ಇಲ್ಲಿ ಬಟ್ಟೆ ಚುಚ್ಚೋದೇ ಇಲ್ಲ, ಒಂಥರಾ ಬೇಜಾರು" ಎಂದು ಫೋನಿನಲ್ಲಿ ಹೇಳಿ ನನ್ನ ಮಾನ ಉಳಿಸಿದಳು.

ಅದು ನಮ್ಮ ತಾತ ಹೊಸೆದ ಹಗ್ಗ. ಬಟ್ಟೆ ಒಣಗಿಸುವುದಕ್ಕೆ ಹೊಸೆದದ್ದಲ್ಲ, ಕತ್ತೆಯ ಮೇಲೆ ಹೇರು ಕಟ್ಟುವುದಕ್ಕೆ.

ನಮ್ಮದು ತಾಳ್ಯದ ಕಡೆಯ ಕುರಿಯವರ ಮನೆ. ಮಳೆಗಾಲದಲ್ಲಿ ಒಂದಿಷ್ಟು ಬೇಸಾಯ, ಉಳಿದಂತೆ ಕುರಿ. ಸುಗ್ಗಿ ಮುಗಿದು ನಮ್ಮ ಸೀಮೆಯ ಹುಲ್ಲು ಒಣಗಿತೆಂದರೆ ಮಂದೆ ಹೊಡೆದುಕೊಂಡು ಗದ್ದೆ ಬಯಲಿನ ಕಡೆ ಹೊರಡುತ್ತಿದ್ದರು. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ತರುಬಿ ಮಲಗಿಸಿದರೆ ಹೊಲಕ್ಕೆ ಗೊಬ್ಬರ, ನಮಗೆ ಕಾಳು. ಪಾತ್ರೆ, ಕಂಬಳಿ, ಹಿಟ್ಟಿನ ಚೀಲ, ನಡೆಯಲಾರದ ಮರಿಗಳು ಎಲ್ಲವೂ ಕತ್ತೆಯ ಮೇಲೆ. ಬೇಸಿಗೆ ರಜೆಯಲ್ಲಿ ನಾನೂ ಹಟ ಮಾಡಿ ಹೋಗುತ್ತಿದ್ದೆ. ಅರ್ಧ ದಾರಿಗೆ ಕಾಲು ನೋವೆಂದು ಅಳುತ್ತಿದ್ದೆ. ಆಮೇಲೆ ನಾನೂ ಕುರಿಮರಿಗಳ ಜೊತೆ ಕತ್ತೆಯ ಮೇಲೆ. ಮರಿಗಳು ನನಗಿಂತ ಸುಮ್ಮನೆ ಕೂರುತ್ತಿದ್ದವೆಂದು ನಮ್ಮ ತಮ್ಮ ತಿಪ್ಪೇಶ ಇಂದಿಗೂ ಹೇಳುತ್ತಾನೆ. ಅವನಿಗೆ ಹೇಗೆ ಗೊತ್ತು ಎಂದು ಕೇಳಬೇಡಿ, ಅವನಾಗ ಹುಟ್ಟಿಯೇ ಇರಲಿಲ್ಲ.

ಈ ಪ್ರಯಾಣದಲ್ಲಿ ಒಂದು ಪದ್ಧತಿ ಇತ್ತು. ಗಂಡಸರು ಮುಂದೆ ಹೋಗಿ ಹುಲ್ಲು ನೋಡುತ್ತಿದ್ದರು. ಹೊಲದವರ ಹತ್ತಿರ ಮಾತಾಡುವವರೂ ಅವರೇ, ಹೇರನ್ನು ಬಿಗಿದು ಕಟ್ಟುವವರೂ ಅವರೇ. ಆದರೆ ಹೋಗಿ ತಲುಪಿದ ಜಾಗದಲ್ಲಿ ಗಂಟು ಬಿಚ್ಚುವುದು ಮಾತ್ರ ಮನೆಯ ಹೆಂಗಸು. ಅವಳು ಬಿಚ್ಚುವವರೆಗೆ ಅದು ದಾರಿ, ಬಿಚ್ಚಿದ ಮೇಲೆ ಅದು ಮನೆ. ನಮ್ಮ ತಾತ ಆರಡಿ ಆಳು, ಮೀಸೆ ತಿರುವಿ ಮಾತಾಡುವವರು. ಅವರೂ ಕೋಲು ಊರಿಕೊಂಡು, ಅಜ್ಜಿ ಏನು ಹೇಳುತ್ತಾಳೋ ಎಂದು ಬಿಸಿಲಲ್ಲಿ ಕಾಯುತ್ತಾ ನಿಂತದ್ದನ್ನು ನಾನೇ ನೋಡಿದ್ದೇನೆ.

ಅಜ್ಜಿ ಏನು ನೋಡಿ ತೀರ್ಮಾನ ಮಾಡುತ್ತಾಳೆ ಎಂಬುದು ನನಗೆ ಬಹಳ ದಿನ ಬಗೆಹರಿಯದ ಸಂಗತಿಯಾಗಿತ್ತು. ಒಂದು ಸಲ ಕೇಳಿಯೇಬಿಟ್ಟೆ.

"ಅಜ್ಜಿ, ನೀನು ನೀರು ನೋಡ್ತೀಯೇನು?"

"ನೀರು ಇದ್ದೇ ಇರ್ತೈತೆ ಕಣೇ. ನೀರಿಲ್ದ ಕಡೀಗೆ ಗಂಡುಸ್ರು ಕರ್ಕಂಡು ಬರ್ತಾರಾ? ನಾನು ನೋಡೋದು ಕತ್ತೆ ಕಿವಿ."

"ಕತ್ತೆ ಕಿವೀನಾ?"

"ಹೊತ್ಕಂಡು ಬಂದಿರಾದು ಯಾರು? ಅದು ತಾನೆ? ನಿಂತ್ಕಂಡ ಮ್ಯಾಲೆ ಅದರ ಕಿವಿ ಜೋತು ಬೀಳ್ಬೇಕು, ಹಿಂದ್ಲ ಒಂದು ಕಾಲು ಸಡ್ಲ ಬಿಡ್ಬೇಕು. ಆವಾಗ ಇಳಿಸ್ತೀನಿ. ಕಿವಿ ನೆಟ್ಟಗೆ ನಿಂತಿದ್ರೆ ಎಷ್ಟು ಹುಲ್ಲಿದ್ರೇನು, ಮುಂದ್ಕೆ ಹೋಗಾಣ ಅಂತೀನಿ."

ಇದನ್ನು ಕೇಳಿದ ಮಾರನೆಯ ದಿನ ನನಗೆ ವಿಪರೀತ ಹಸಿವಾಗಿತ್ತು. ಒಂದು ಹುಣಸೆಮರದ ಹತ್ತಿರ ಎಲ್ಲರೂ ನಿಂತಾಗ ಕತ್ತೆಯ ಕಿವಿಗಳು ಕೊಂಬಿನಂತೆ ನಿಂತಿದ್ದವು. ಇನ್ನೂ ಮುಂದೆ ಹೋಗಬೇಕಾಗುತ್ತದಲ್ಲ ಎಂದು ನಾನೇ ಎರಡೂ ಕಿವಿ ಹಿಡಿದು ಕೆಳಕ್ಕೆ ಎಳೆದೆ. ಮೊಣಕಾಲಿನ ಕೆಳಗೆ ಅದು ಒದ್ದು ಕೊಟ್ಟ ಗುರುತು ಈಗಲೂ ಇದೆ. ಬಿದ್ದು ಬೊಬ್ಬೆ ಹಾಕುತ್ತಿದ್ದ ನನ್ನನ್ನು ಎತ್ತಿಕೊಂಡ ಅಜ್ಜಿ, ನಗು ತಡೆಯಲಾರದೆ ಅಲ್ಲೇ ಹೇರು ಇಳಿಸಿದಳು. ಆದ್ದರಿಂದ ನನ್ನ ಉಪಾಯ ಪೂರ್ತಿ ಸೋತಿತು ಎಂದು ನಾನು ಒಪ್ಪುವುದಿಲ್ಲ.

ನನ್ನ ಮದುವೆಯಾದಾಗ ತಾತ ಇರಲಿಲ್ಲ, ಕತ್ತೆಯೂ ಇರಲಿಲ್ಲ. ಅಜ್ಜಿ ಇದ್ದಳು, ಹಗ್ಗ ಇತ್ತು. ನನ್ನ ಟ್ರಂಕಿಗೆ ಆ ಹಗ್ಗವನ್ನು ಬಿಗಿಸಿ, "ಹೋದ ಮನ್ಯಾಗೆ ನೀನೇ ಬಿಚ್ಕ" ಎಂದು ಕಿವಿಯಲ್ಲಿ ಹೇಳಿ ಕಳಿಸಿದಳು. ನಮ್ಮವರೂ ನಮ್ಮವರೇ, ಕುರಿಯವರ ಪೈಕಿಯೇ. ಆದರೆ ಇವರ ತಾತ ಯಾವ ಕಾಲದಲ್ಲೋ ಕುರಿ ಬಿಟ್ಟು ಬೆಂಗಳೂರಿನ ಮಿಲ್ಲು ಸೇರಿದವರು. ಬಂದ ಊರು ಯಾವುದೆಂಬುದು ಅವರ ಜೊತೆಗೇ ಹೋಯಿತು. ಹೀಗಾಗಿ ಇವರಿಗೆ ಕುರಿಯೆಂದರೆ ಭಾನುವಾರದ ಅಂಗಡಿಯಲ್ಲಿ ನೇತಾಡುವ ಪದಾರ್ಥ. ಟ್ರಂಕು ಒಳಗೆ ಬಂತು. ನಾನು ಸೇರು ಒದ್ದು, ಅಕ್ಕಿ ತುಳಿದು, ದೀಪ ಹಚ್ಚಿ ತಿರುಗಿ ನೋಡುವಷ್ಟರಲ್ಲಿ ಈ ಮಹಾರಾಯರು ಹೊಸ ಹೆಂಡತಿಗೆ ಉಪಕಾರ ಮಾಡುವ ಉತ್ಸಾಹದಲ್ಲಿ ಗಂಟು ಬಿಚ್ಚಿ, ಹಗ್ಗವನ್ನು ಚೆಂದವಾಗಿ ಸುತ್ತಿ, "ಇದನ್ನ ಎಲ್ಲಿಡ್ಲಿ?" ಎಂದು ನಿಂತಿದ್ದರು.

ಬಿಚ್ಚಬೇಕಾದವಳು ನಾನು. ಹೊಸ ಮದುಮಗಳು, ಬಾಯಿ ಬಿಡುವುದು ಹೇಗೆ? ಬಾಲ್ಕನಿಯ ಕಡೆ ಕೈ ತೋರಿಸಿದೆ. ಹಗ್ಗ ಅಲ್ಲಿಗೆ ಹೋಯಿತು. ಆ ಕಥೆ ಅಲ್ಲಿಗೇ ಮುಗಿಯಲಿಲ್ಲ, ಉಳಿದದ್ದನ್ನು ಆಮೇಲೆ ಹೇಳುತ್ತೇನೆ.

ಇವರ ಬಗ್ಗೆ ಒಂದು ಮಾತು ಹೇಳಲೇಬೇಕು. ಹುಟ್ಟಿದ್ದು ಬಾಡಿಗೆ ಮನೆ, ಬೆಳೆದದ್ದು ಒಂದಾದ ಮೇಲೊಂದು ಬಾಡಿಗೆ ಮನೆ. ಚಿಕ್ಕಂದಿನಲ್ಲಿ ಓನರ್ ಬೈದಾರೆಂದು ಮನೆಯಲ್ಲಿ ಓಡುವಂತಿರಲಿಲ್ಲವಂತೆ. ಅದೇ ಅಭ್ಯಾಸದಲ್ಲಿ ನಡೆಯುವಾಗ ಈಗಲೂ ಹೆಜ್ಜೆ ಸಪ್ಪಳವಾಗುವುದಿಲ್ಲ. ಗೋಡೆಗೆ ಒಂದು ಮೊಳೆ ಹೊಡೆದವರಲ್ಲ. ನಮ್ಮ ಮದುವೆಯ ಫೋಟೋ ಇಷ್ಟು ವರ್ಷವೂ ಬೀರುವಿನ ಮೇಲೆ ಒರಗಿಕೊಂಡೇ ಇತ್ತು. ಮಧ್ಯಾಹ್ನ ಮಲಗುವುದಿಲ್ಲ. ಕುರ್ಚಿಯಲ್ಲಿ ಕುಳಿತರೂ ತುದಿಯಲ್ಲಿ, ಕಾಲಿನಲ್ಲಿ ಚಪ್ಪಲಿ ಹಾಕಿಕೊಂಡೇ, ಯಾರೋ ಬಂದು ಎಬ್ಬಿಸುತ್ತಾರೆ ಎಂಬಂತೆ. "ನಿಮ್ಮೂರು ಯಾವುದು?" ಎಂದು ಯಾರಾದರೂ ಕೇಳಿಬಿಟ್ಟರಂತೂ ಮುಗಿಯಿತು. "ಬೆಂಗಳೂರೇ... ಅಂದ್ರೆ ಮೊದಲು ಶ್ರೀರಾಂಪುರ, ಆಮೇಲೆ ಮಾಗಡಿ ರೋಡು..." ಎಂದು ಶುರು ಮಾಡುತ್ತಾರೆ, ಕೇಳಿದವರ ಬಸ್ಸು ಬರುತ್ತದೆ. ಕಿವಿ ನೆಟ್ಟಗೆ ಮಾಡಿಕೊಂಡ ಗಂಡಸನ್ನು ಕಟ್ಟಿಕೊಂಡು ಇಷ್ಟು ವರ್ಷ ಬಾಳಿದ್ದೇನೆ ಎಂದು ನನಗೆ ಅನ್ನಿಸುತ್ತಲೇ ಇತ್ತು. ಅನ್ನಿಸಿದಾಗ ಪಾಪವೆನಿಸುತ್ತಿತ್ತು. ಪ್ರೀತಿಯೂ ಉಕ್ಕುತ್ತಿತ್ತು, ಸುಳ್ಳೇಕೆ.

ಇವರು ನಿವೃತ್ತರಾದ ಮೇಲಿನ ಯುಗಾದಿಗೆ ತಾಳ್ಯಕ್ಕೆ ಹೋಗಿದ್ದೆವು. ಹೋಳಿಗೆ ತಿನ್ನುತ್ತಾ ತಿಪ್ಪೇಶ ಹಳೆಯ ಕಥೆಯೆಲ್ಲ ತೆಗೆದ. ಕತ್ತೆ, ಕಿವಿ, ನಾನು ಒದೆಸಿಕೊಂಡದ್ದು, ಗಂಟು ಬಿಚ್ಚುವ ಪದ್ಧತಿ.

"ಬಿಚ್ಚೋದು ಹೆಂಗಸರೇನಾ? ಗಂಡಸರು ಬಿಚ್ಚಿದ್ರೆ?" ಎಂದು ಇವರು ಕೇಳಿದರು.

"ಗಂಡುಸ್ರು ಬಿಚ್ಚಿದ್ರೆ ಅದು ಇಳಿಸ್ದಂಗೆ ಅಲ್ಲ ಭಾವ. ಸಾಮಾನು ಕೆಳಗಿರ್ತೈತೆ, ಹೇರು ಹಂಗೇ ಇರ್ತೈತೆ" ಎಂದು ತಿಪ್ಪೇಶ ನಕ್ಕ.

ಇವರು ನಗಲಿಲ್ಲ. ಬಾಯಲ್ಲಿದ್ದ ಹೋಳಿಗೆಯನ್ನು ಬಹಳ ಹೊತ್ತು ಅಗಿದರು. ತುಪ್ಪ ಸಾಲದೇನೋ ಎಂದು ನಾನು ಇನ್ನೊಂದು ಚಮಚ ಬಡಿಸಿದೆ. ಹೆಂಗಸರಿಗೂ ಕೆಲವೊಮ್ಮೆ ತಡವಾಗಿ ಹೊಳೆಯುತ್ತದೆ.

ಅದಾಗಿ ಸ್ವಲ್ಪ ದಿನಕ್ಕೆ ಓನರ್ ಮಕ್ಕಳು ಬಂದು, ಹಳೆಯ ಕಟ್ಟಡ ಕೆಡವಿ ಮೇಲಕ್ಕೆಬ್ಬಿಸುತ್ತೇವೆ, ದೀಪಾವಳಿಯೊಳಗೆ ಬಿಟ್ಟುಕೊಡಿ ಎಂದರು. ನಾನು ಪಕ್ಕದ ಬೀದಿಯಲ್ಲಿ ಮನೆ ನೋಡೋಣವೆಂದುಕೊಂಡೆ. ಇವರು ಮಾತ್ರ ಖುಷಿಯಾಗಿಬಿಟ್ಟರು. "ಸಾಕು ಬೆಂಗಳೂರು. ನಿಮ್ಮ ಸೀಮೆಗೆ ಹೋಗೋಣ. ಒಂದು ಚಿಕ್ಕ ಊರು ನೋಡು. ನೀನು ಹೇಳಿದ ಊರು, ನೀನು ಹೇಳಿದ ಮನೆ. ನಾನು ಬಾಯೇ ಬಿಡಲ್ಲ" ಎಂದರು. ಈ ವಯಸ್ಸಿನಲ್ಲಿ ಒಂದು ಸಲ ಹೋದರೆ ಹೋದದ್ದೇ, ಮತ್ತೆ ಎತ್ತಿಕೊಂಡು ಹೊರಡುವ ಶಕ್ತಿ ಇಬ್ಬರಿಗೂ ಇಲ್ಲ. ಅಂಥ ತೀರ್ಮಾನವನ್ನು ನನ್ನ ತಲೆಗೆ ಕಟ್ಟಿ ಇವರು ಸಂತೋಷದಿಂದ ಒಂದು ಥರ್ಮಾಮೀಟರ್ ಕೊಂಡು ತಂದರು. ಜ್ವರದ್ದಲ್ಲ, ಗೋಡೆಗೆ ನೇತುಹಾಕುವಂಥದು. ಯಾವ ಊರಲ್ಲಿ ಎಷ್ಟು ಸೆಕೆ ಎಂದು ನೋಡಲಿಕ್ಕಂತೆ.

ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ತಿಪ್ಪೇಶ ತನ್ನ ಹಳೆಯ ಓಮ್ನಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅದರೊಳಗೆ ಕುರಿಯ ವಾಸನೆ ಇತ್ತು. ನನಗೆ ಅಲ್ಲೇ ತವರು ಸೇರಿದಂತಾಯಿತು. ಇವರು ಇಳಿದವರೇ ಅಂಗಿಯ ಜೇಬಿನಿಂದ ಥರ್ಮಾಮೀಟರ್ ತೆಗೆದು, "ಮೂವತ್ತೇಳು! ನೆರಳಲ್ಲೇ ಮೂವತ್ತೇಳು!" ಎಂದು ಘೋಷಿಸಿದರು.

"ಭಾವ, ಅದು ಊರಿನ್ ಸೆಕೆ ಅಲ್ಲ, ನಿಮ್ ಎದೆ ಬಿಸಿ" ಎಂದ ತಿಪ್ಪೇಶ.

ಹಿರಿಯೂರಿನಲ್ಲಿ ಒಂದು ಮನೆ ತೋರಿಸಿದರು. ಮನೆ ಚೆನ್ನಾಗಿತ್ತು, ಹೆದ್ದಾರಿಯೂ ಚೆನ್ನಾಗಿತ್ತು, ಎರಡೂ ಒಂದರ ಪಕ್ಕ ಒಂದು. ಲಾರಿ ಹೋದಾಗಲೆಲ್ಲ ಇವರು ಮಾತು ನಿಲ್ಲಿಸಿ ತಲೆ ಎತ್ತುತ್ತಿದ್ದರು. ಮಾರಿಕಣಿವೆಯ ಅಣೆಕಟ್ಟೆಯ ಹತ್ತಿರ ಹೋಗಿ ನೀರು ನೋಡಿದೆವು. ಗುಡ್ಡದ ನಡುವೆ ಅಷ್ಟು ನೀರು ನೋಡಿ ನನಗಂತೂ ಹೊಟ್ಟೆ ತುಂಬಿತು. ಮಳೆಯ ಮೋಡಕ್ಕೆ ಕತ್ತೆತ್ತಿಕೊಂಡು ಬೆಳೆದವರಿಗೆ ನೀರು ನಿಂತಿರುವುದೇ ಒಂದು ಹಬ್ಬ. "ಇಷ್ಟವಾಯ್ತಾ?" ಎಂದು ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ಕಟ್ಟೆಯ ತುದಿಯಲ್ಲಿ ಕುಳಿತಿದ್ದರು, ಬ್ಯಾಗಿನ ಪಟ್ಟಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು. ಟೀ ಕೊಟ್ಟವನು "ಯಾವೂರ್ರಿ ನಿಮ್ದು?" ಎಂದ. ಇವರು ಮಾಗಡಿ ರೋಡು ತಲುಪುವಷ್ಟರಲ್ಲಿ ಅವನು ಬೇರೆಯವರಿಗೆ ಟೀ ಸೋಸುತ್ತಿದ್ದ.

ಅಲ್ಲೇ ನನಗೆ ಅಜ್ಜಿಯ ನೆನಪಾದದ್ದು. ಈ ಮನುಷ್ಯ ನನ್ನ ಮುಖ ನೋಡುತ್ತಿದ್ದಾರೆ, ನಾನು ಯಾರ ಮುಖ ನೋಡಬೇಕು? ಇಷ್ಟು ವರ್ಷ ಹೊತ್ತುಕೊಂಡು ಬಂದವರು ಇವರಲ್ಲವೇ? ಅಲ್ಲಿಂದ ಮುಂದೆ ನಾನು ಊರು ನೋಡಲಿಲ್ಲ. ಇವರು ನನ್ನ ಮುಖ ನೋಡುತ್ತಿದ್ದರು, ನಾನು ಇವರ ಕಿವಿ ನೋಡುತ್ತಿದ್ದೆ. ಕಟ್ಟಿಕೊಂಡ ಗಂಡನನ್ನು ಕತ್ತೆಗೆ ಹೋಲಿಸಿದಳೆಂದು ನೀವು ಬೈದುಕೊಂಡರೆ ಬೈದುಕೊಳ್ಳಿ. ನಮ್ಮ ಮನೆಯಲ್ಲಿ ಕತ್ತೆಗೆ ಇದ್ದ ಮರ್ಯಾದೆ ನಿಮಗೆ ಗೊತ್ತಿಲ್ಲ.

ಸಂಜೆಗೆ ಹೊಸದುರ್ಗ. ಗುಡ್ಡಗಳ ಮೇಲೆ ಗಾಳಿಯಂತ್ರಗಳು, ಕೆಳಗೆ ತೆಂಗಿನ ತೋಟಗಳು, ಮೈಗೆ ಹಿತವಾದ ಗಾಳಿ. ಥರ್ಮಾಮೀಟರ್ ಕೂಡ ಇಳಿದಿತ್ತು, ತಿಪ್ಪೇಶ ಅದನ್ನು ತನ್ನ ಓಮ್ನಿಯ ಕನ್ನಡಿಗೆ ನೇತುಹಾಕಿದ್ದ. ಊರು ನನಗೆ ಬಹಳ ಹಿಡಿಸಿತು. ಒಂದು ಅಂಗಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಎರಡನೆಯ ಪ್ಲೇಟು ತರಿಸಿದವಳು ನಾನೇ. ಇವರು ಮಾತ್ರ ಗಾಳಿಯಂತ್ರಗಳನ್ನು ನೋಡುತ್ತಾ, "ಅದು ನಿಂತುಬಿಟ್ರೆ ಏನು ಮಾಡ್ತಾರೆ?" ಎಂದು ತಿಪ್ಪೇಶನನ್ನು ಕೇಳುತ್ತಿದ್ದರು. ಲಾಡ್ಜಿನಲ್ಲಿ ಮಲಗುವ ಮುಂಚೆ ಚಿಲಕ ನೋಡಿದರು, ಬೆಳಗ್ಗೆ ನಾನು ಏಳುವ ಹೊತ್ತಿಗೆ ಸ್ನಾನ ಮುಗಿಸಿ, ಬ್ಯಾಗು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಹೊಸದುರ್ಗದ ಗಾಳಿಯ ತಪ್ಪೇನೂ ಇಲ್ಲ.

ಹೊಳಲ್ಕೆರೆ ತಿಪ್ಪೇಶನ ಪಾಲಿಗೆ ಫೈನಲ್ ಮ್ಯಾಚು. ಓಮ್ನಿ ಊರಿನೊಳಗೆ ಬಂದದ್ದೇ ತಡ ಶುರುಮಾಡಿದ.

"ಇದನ್ನ ಬಿಟ್ಟು ಎಲ್ಲಿಗೆ ಹೋಗ್ತೀರ್ರಿ ಭಾವ? ರೈಲೈತೆ, ಬಸ್ಸೈತೆ, ಆಸ್ಪತ್ರೆ ಐತೆ. ಬಯಲಾಗೆ ಕುಂತಿರೋ ಗಣಪ್ಪ ಅದಾನೆ. ಅದ್ರಾಗೂ ತಾಳ್ಯಕ್ಕೆ ಇಲ್ಲಿಂದ ಎಷ್ಟು ದೂರ? ಬೆಳಿಗ್ಗೆ ಹಾಲು ನಮ್ಮನೇದೇ ಬರ್ತೈತೆ."

ಬಯಲು ಗಣಪತಿಗೆ ಕೈಮುಗಿದು ಇವರು ಒಂದು ಘಳಿಗೆ ಹೆಚ್ಚೇ ನಿಂತರು. "ಪಾಪ, ಇವನಿಗೂ ಸ್ವಂತ ಮನೆ ಇಲ್ಲ" ಎಂದು ಮೆಲ್ಲಗೆ ಹೇಳಿದರು. ನಾನು ನಕ್ಕೆ. ಆದರೆ ಆ 'ಇವನಿಗೂ' ಎಂಬುದು ನನ್ನೊಳಗೆ ಎಲ್ಲೋ ಚುಚ್ಚಿಕೊಂಡಿತು.

ಊಟಕ್ಕೆ ತಾಳ್ಯ. ಭಾವ ಬಂದರೆಂದು ಕರಿ ಕಂಬಳಿ ಹಾಸಿದರು. ಮುದ್ದೆ, ಹುರುಳಿಕಾಳಿನ ಸಾರು, ಮೇಲೆ ಬೆಣ್ಣೆ. ಬೀದಿಯವರೆಲ್ಲ ಬಂದು "ಬರ್ರಿ, ಚೆನ್ನಾಗದೀರಾ?" ಎಂದರು. ಇವರು ಕಂಬಳಿಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ಪ್ರತಿಯೊಬ್ಬರಿಗೂ ಅರ್ಧ ಎದ್ದು ಕೈಮುಗಿಯುತ್ತಾ ಕುಳಿತಿದ್ದರು. ಎದ್ದು ಕೂತು ಎದ್ದು ಕೂತು ಮುದ್ದೆ ಆರಿಹೋಯಿತು. ನನ್ನನ್ನು ಅಲ್ಲಿ ಬಿಟ್ಟರೆ ಗೋಡೆಗೊರಗಿ ಕಾಲು ಚಾಚುತ್ತೇನೆ, ತಮ್ಮನ ಹೆಂಡತಿಯ ಹತ್ತಿರ ತಲೆ ಬಾಚಿಸಿಕೊಳ್ಳುತ್ತೇನೆ. ಆದರೆ ಹೆಂಡತಿಯ ತವರಿನಲ್ಲಿ ಅಳಿಯನ ಕಿವಿ ಎಂದಿಗಾದರೂ ಇಳಿಯುತ್ತದೆಯೇ? ಹೊಳಲ್ಕೆರೆಗೆ ಬಂದರೆ ಇವರು ಸಾಯುವವರೆಗೂ ನೆಂಟರೇ. ತಿಪ್ಪೇಶನ ಹಾಲಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಮೂರು ಊರೂ ಹೋದವು. ದೀಪಾವಳಿ ಹತ್ತಿರ ಬರುತ್ತಿತ್ತು, ನನ್ನ ಹತ್ತಿರ ಹೇಳಲು ಊರಿರಲಿಲ್ಲ.

ಚಿತ್ರದುರ್ಗ ನಮ್ಮ ಲೆಕ್ಕದಲ್ಲೇ ಇರಲಿಲ್ಲ. "ಅದು ಜಿಲ್ಲಾ ಕೇಂದ್ರ. ಆಟೋ, ಆಫೀಸು, ಕಾಲೇಜು, ಇನ್ನೊಂದು ಸಣ್ಣ ಬೆಂಗಳೂರೇ" ಎಂದು ಇವರು ಮೊದಲೇ ಹೊಡೆದುಹಾಕಿದ್ದರು. ಅಲ್ಲಿಗೆ ಹೋದದ್ದು ಬೆಂಗಳೂರಿನ ಬಸ್ಸು ಹಿಡಿಯಲು. ಬಸ್ಸಿಗೆ ಇನ್ನೂ ಹೊತ್ತಿತ್ತು. "ಬಸ್‌ಸ್ಟ್ಯಾಂಡಾಗೆ ಕುಂತು ಏನ್ ಮಾಡ್ತೀರ? ಚಂದ್ರವಳ್ಳಿಗೆ ಹೋಗಾಣ ಬರ್ರಿ" ಎಂದು ತಿಪ್ಪೇಶ ಓಮ್ನಿ ತಿರುಗಿಸಿದ.

ಚಂದ್ರವಳ್ಳಿಯಲ್ಲಿ ಕೆರೆಯ ಹತ್ತಿರ ಮರದ ನೆರಳಿನಲ್ಲಿ ಕುಳಿತೆವು. ಸುತ್ತ ಬಂಡೆಗಳು, ಒಂದರ ಮೇಲೊಂದು, ಈಗ ಬೀಳುತ್ತವೆ ಎನ್ನುವ ಹಾಗೆ. ಯಾವ ಕಾಲದಿಂದಲೂ ಬಿದ್ದಿಲ್ಲ. ಇವರು ಒಂದು ಬಂಡೆಗೆ ಬೆನ್ನು ಕೊಟ್ಟು ಕುಳಿತರು. "ಬೆಚ್ಚಗಿದೆ" ಎಂದರು. ಸ್ವಲ್ಪ ಹೊತ್ತಿಗೆ, "ಇಲ್ಲಿ ಯಾರೂ ಏನೂ ಅನ್ನಲ್ವಾ? ಕೂತ್ಕೊಂಡ್ರೆ?" ಎಂದರು.

"ಬಂಡೆ ಏನಂತೈತೆ ಭಾವ? ಕುಂತ್ಕಳ್ರಿ ಆರಾಮಾಗಿ."

ನಾನು ಬುತ್ತಿಯ ಬಾಳೆಹಣ್ಣು ಹುಡುಕುತ್ತಿದ್ದೆ. ಇವರ ಕಡೆಯಿಂದ ಮಾತು ನಿಂತು ಬಹಳ ಹೊತ್ತಾಯಿತಲ್ಲ ಎಂದು ತಿರುಗಿ ನೋಡಿದೆ. ಇವರು ನಿದ್ದೆ ಹೋಗಿದ್ದರು. ನಡು ಮಧ್ಯಾಹ್ನ, ಬಯಲಿನಲ್ಲಿ, ಬಾಯಿ ಸ್ವಲ್ಪ ತೆರೆದುಕೊಂಡು. ತಲೆ ಬಂಡೆಗೆ ವಾಲಿತ್ತು, ಬ್ಯಾಗಿನ ಪಟ್ಟಿ ಕೈಯಿಂದ ಜಾರಿತ್ತು. ಒಂದು ಕಾಲು ಸಡಿಲವಾಗಿ ಆ ಕಡೆ ಬಿದ್ದಿತ್ತು, ಚಪ್ಪಲಿ ಕಳಚಿ ಬೇರೆಯೇ ಕಡೆ ಬಿದ್ದಿತ್ತು.

ಒಂದು ಕೋತಿ ಬಂತು. ಓಮ್ನಿಯಿಂದ ಇಳಿಯುವಾಗ ಇವರು ಮತ್ತೆ ಜೇಬಿಗೆ ಸೇರಿಸಿಕೊಂಡಿದ್ದ ಥರ್ಮಾಮೀಟರನ್ನು ಮೆಲ್ಲಗೆ ಎಳೆಯಿತು. ಮೂಸಿತು, ಬಾಯಲ್ಲಿಟ್ಟುಕೊಂಡಿತು, ತನಗೆ ಜ್ವರವಿಲ್ಲವೆಂದು ಖಾತ್ರಿಯಾಯಿತೋ ಏನೋ, ಎತ್ತಿಕೊಂಡು ಬಂಡೆ ಏರಿ ಹೋಯಿತು. ಓಡಿಸಲು ಎದ್ದ ತಿಪ್ಪೇಶನ ಕೈ ಹಿಡಿದು ಕೂರಿಸಿದೆ. ಇವರಿಗೆ ಎಚ್ಚರವಾಗಲಿಲ್ಲ.

"ತಿಪ್ಪೇಶ, ಇಲ್ಲೇ" ಎಂದೆ ಪಿಸುದನಿಯಲ್ಲಿ.

"ಏನಕ್ಕ ಇಲ್ಲೇ?"

"ಕಿವಿ ನೋಡೋ."

ಅವನು ಭಾವನನ್ನು ನೋಡಿದ. ಬಿದ್ದ ಚಪ್ಪಲಿ ನೋಡಿದ. ಅರ್ಥವಾಯಿತು, ಟವೆಲ್ಲು ಬಾಯಿಗೆ ಒತ್ತಿಕೊಂಡು ನಕ್ಕ. ಆಮೇಲೆ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, "ಹೊಳಲ್ಕೆರೆ ಬಿಟ್ಟುಬಿಟ್ಯಲ್ಲಕ್ಕ. ಹಾಲು..." ಎಂದ. ಅವನ ಕಣ್ಣು ಒದ್ದೆಯಾಗಿತ್ತು. "ಬಸ್ಸಾಗೆ ಬರಾಕಾಗಲ್ವೇನೋ ಹಾಲು?" ಎಂದೆ.

ಆವತ್ತಿನ ಬಸ್ಸು ಹೋಯಿತು. ಎದ್ದವರು ಮೊದಲು ಗಾಬರಿಯಾದರು, ಆಮೇಲೆ ನಾಚಿಕೊಂಡರು. "ಊರು ಸಿಕ್ತು" ಎಂದೆ. "ಇದಾ? ಇಲ್ಲಿ ಏನು ಇಷ್ಟವಾಯ್ತು ನಿನಗೆ?" ಎಂದರು. "ಬಂಡೆ" ಎಂದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಒಬ್ಬ ಆಟೋದವನು ತನಗೆ ಗೊತ್ತಿದ್ದ ಮನೆಯೊಂದಿದೆಯೆಂದು ಕೋಟೆಯ ಕೆಳಗಿನ ಒಂದು ಓಣಿಗೆ ಕರೆದೊಯ್ದ. ಹಿತ್ತಿಲ ಬಾಗಿಲು ತೆರೆದರೆ ಎದುರಿಗೇ ಬಂಡೆ. ಮನೆಯೊಡತಿ ಗಂಗಮ್ಮ, ಬಾಯಲ್ಲಿ ಎಲೆಯಡಿಕೆ, ಸೊಂಟದಲ್ಲಿ ಕೈ. ಇವರು ಮನೆಯೆಲ್ಲ ಸಪ್ಪಳವಿಲ್ಲದೆ ಸುತ್ತಿ ಬಂದು, ಗಂಟಲು ಸರಿಮಾಡಿಕೊಂಡು ಕೇಳಿದರು.

"ಒಂದು... ಒಂದೇ ಒಂದು ಮೊಳೆ ಹೊಡೀಬಹುದಾ ಅಮ್ಮಾ? ಫೋಟೋಗೆ."

ಗಂಗಮ್ಮ ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹೊಡ್ಕಳ್ರಪ್ಪಾ. ಗೋಡೆ ಮತ್ಯಾಕೈತೆ?"

ಇವರು ನನ್ನ ಕಡೆ ತಿರುಗಿದರು. ಇಷ್ಟು ವರ್ಷದಲ್ಲಿ ಅಂಥ ಮುಖವನ್ನು ನಾನು ನೋಡಿರಲಿಲ್ಲ.

ದೀಪಾವಳಿಗೆ ಮುಂಚೆಯೇ ಬಂದೆವು. ಲಾರಿಯವರು ಸಾಮಾನು ಇಳಿಸಿ ಹೋದರು. ತಿಪ್ಪೇಶ ಟೀ ತರಲು ಹೋದ. ನಡುಮನೆಯ ಗೋಡೆಗೆ ತಾಗಿ ನನ್ನ ಹಳೆಯ ಟ್ರಂಕು ಇತ್ತು, ಅದರ ಸುತ್ತ ಆ ಕಪ್ಪು ಹಗ್ಗ. ಬಾಲ್ಕನಿಯಿಂದ ಬಿಚ್ಚಿ ತಂದು ಟ್ರಂಕಿಗೆ ಬಿಗಿದವರು ಇವರೇ, ನಾನು ಬೇಡವೆಂದರೂ ಕೇಳಿರಲಿಲ್ಲ. ಈಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಕೋಲೂರಿ ನಿಂತ ನಮ್ಮ ತಾತನ ಹಾಗೆ ಒಂದು ಮೂಲೆಯಲ್ಲಿ ನಿಂತಿದ್ದರು.

"ಬಿಚ್ಚು" ಎಂದರು. "ನಾನು ಮುಟ್ಟಲ್ಲಪ್ಪ ಈ ಸಲ."

ಕುಳಿತು ನೋಡಿದೆ. ಹೇರಿನ ಗಂಟು ಒಂದು ತುದಿ ಎಳೆದರೆ ಸಡಿಲವಾಗಬೇಕು. ಇವರು ಹಾಕಿದ್ದು ಕಗ್ಗಂಟು, ಅದರ ಮೇಲೆ ಇನ್ನೊಂದು ಕಗ್ಗಂಟು. "ಇದೇನ್ರೀ, ಹೇರು ಕಟ್ಟಿದೀರೋ ಕಳ್ಳನ್ನ ಕಟ್ಟಿದೀರೋ?" ಎಂದೆ. ಉಗುರು ಹಾಕಿದೆ, ಹಲ್ಲು ಹಾಕಿದೆ. ಇವರು ನಗಲಿಲ್ಲ. ಯುಗಾದಿಯ ದಿನ ಹೋಳಿಗೆ ಅಗಿಯುವಾಗಿನ ಮುಖವೇ ಮತ್ತೆ ಬಂದಿತ್ತು.

"ರತ್ನಾ, ಆವತ್ತು ನಾನು ಬಿಚ್ಚಿಬಿಟ್ಟೆ. ಗೊತ್ತಿರಲಿಲ್ಲ ನನಗೆ. ಇಷ್ಟು ವರ್ಷ ನಿನ್ನ ಹೇರು ಇಳಿಸದೇ ನಿಲ್ಲಿಸಿಬಿಟ್ಟಿದ್ನಲ್ಲ. ಒಂದು ಮಾತು ಹೇಳಬಾರದಾಗಿತ್ತಾ ನೀನು?"

ಅದಕ್ಕೇ ಈ ಊರು ಹುಡುಕುವ ಸಂಭ್ರಮ, ಅದಕ್ಕೇ 'ನೀನು ಹೇಳಿದ ಊರು, ನೀನು ಹೇಳಿದ ಮನೆ' ಎಂದದ್ದು. ಆಮೇಲೆ ಹೇಳುತ್ತೇನೆ ಎಂದಿದ್ದೆನಲ್ಲ, ಆ ಉಳಿದ ಕಥೆಯನ್ನು ಇವರಿಗೆ ಆಗ ಹೇಳಿದೆ.

ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ನಾನು ಒಳಗೆ ಒಬ್ಬಳೇ ಕುಳಿತು ತವರು ನೆನೆದು ಅಳುತ್ತಿದ್ದೆ. ಇವರು ಕೆಲಸಕ್ಕೆ ಹೋಗಿದ್ದರು. ಇದ್ದಕ್ಕಿದ್ದಂತೆ ಎದುರು ಮನೆಯಿಂದ ಒಂದು ಗಂಟಲು ಕೂಗಿತು: "ತಾಳ್ಯದ ರತ್ನಾ, ಮಳೆ ಬಂತು, ಬಟ್ಟೆ ತಕ್ಕೊಳೇ!" ಮೇರಿಯಕ್ಕ. ಅದುವರೆಗೆ ನಾನು ಅವರೊಡನೆ ನೆಟ್ಟಗೆ ಮಾತಾಡಿರಲಿಲ್ಲ. ಅಷ್ಟು ದೊಡ್ಡ ಪಟ್ಟಣದಲ್ಲಿ ಮಳೆ ಬಂದರೆ ನನ್ನ ಹೆಸರು ಹಿಡಿದು ಕೂಗುವವರೊಬ್ಬರು ಇದ್ದರು, ನನ್ನ ಊರೂ ಅವರಿಗೆ ಗೊತ್ತಿತ್ತು. ಓಡಿಹೋಗಿ ಬಟ್ಟೆ ತೆಗೆದೆ. ಹಗ್ಗವನ್ನೂ ಬಿಚ್ಚಿಕೊಂಡೆ. ಒಳಗೆ ತಂದು ಟ್ರಂಕಿಗೆ ಮತ್ತೆ ಬಿಗಿಯಾಗಿ ಕಟ್ಟಿದೆ. ಬಾಗಿಲು ಹಾಕಿಕೊಂಡು ನಾನೇ ಬಿಚ್ಚಿದೆ.

"ನನ್ ಹೇರು ಆವತ್ತೇ ಇಳೀತು" ಎಂದೆ.

ಇವರ ಬೆನ್ನ ಹಿಂದಿನ ಕೈಗಳು ಮುಂದಕ್ಕೆ ಬಂದವು.

"ಹಂಗಾದ್ರೆ ನಾವು ಇಲ್ಲಿಗೆ ಯಾಕೆ ಬಂದ್ವಿ?"

ಅಷ್ಟು ಹೊತ್ತಿಗೆ ಕಗ್ಗಂಟಿನ ಒಂದು ಎಳೆ ಉಗುರಿಗೆ ಸಿಕ್ಕಿತ್ತು. ಎಳೆದೆ. ಹಗ್ಗ ಸಡಿಲವಾಗಿ ನೆಲಕ್ಕೆ ಬಿತ್ತು.

"ನಿಮ್ದು ಇಳಿಸಾಕೆ."

ಇವರು ಬಂದು ಟ್ರಂಕಿನ ಮೇಲೆ ಕುಳಿತರು, ತುದಿಯಲ್ಲಲ್ಲ, ನಡುವೆ. ಬೆನ್ನು ಗೋಡೆಗೆ ಕೊಟ್ಟು ಕಣ್ಣು ಒರೆಸಿಕೊಂಡರು. ಒಂದು ಚಪ್ಪಲಿ ಕಾಲಿನಿಂದ ಜಾರಿ ಬಿತ್ತು, ಅದನ್ನು ಹುಡುಕಲಿಲ್ಲ.